ಘಟ್ಟ ಹತ್ತಿದ ಮನೆಗಾಡಿ

ಅರಂತೋಡು
17 ಫೆಬ್ರವರಿ 2025

ಪ್ರೀತಿಯ ಭವಿತಾಳ ಅಪ್ಪನಿಗೆ ಶೀಲಾವತಿಯ ನಮಸ್ಕಾರ.

ಹೇಗಿದ್ದೀರಿ? ಆಪರೇಷನ್ ಆದ ಎದೆಯ ಗಾಯ ಒಣಗಿತೆ? ಕೊಲ್ಲಮೊಗ್ರಿನಲ್ಲಿ ತಂಗಿಯ ಕೈಯಡುಗೆಯೆಂದು ಉಪ್ಪಿನಕಾಯಿ ಜಾಸ್ತಿ ಹಾಕಿಸಿಕೊಳ್ಳಬೇಡಿ. ಡಾಕ್ಟರು ಬೈದದ್ದು ನಿಮಗೆ, ನನಗಲ್ಲ. ಇಲ್ಲಿ ಎಲ್ಲರೂ ಸೌಖ್ಯ.

ಮನೆಗಾಡಿಯನ್ನು ಗುಜರಿಗೆ ಕೊಡು ಎಂದು ಹೇಳಿ ಹೋದಿರಲ್ಲ, ಕೊಟ್ಟಿಲ್ಲ. ಕೊಡುವುದೂ ಇಲ್ಲ. ಆ ಹಳೆಯ ಮಿನಿಬಸ್ಸಿಗೆ ಮಂಚ, ಒಲೆ, ಕಪಾಟು ಕೂರಿಸಿದ್ದು ನಾವಿಬ್ಬರೂ ಸೇರಿ. ತೀರ್ಮಾನ ನೀವೊಬ್ಬರೇ ಮಾಡಿದರೆ ಹೇಗೆ? "ಅದು ಇನ್ನು ಘಟ್ಟ ಹತ್ತುದಿಲ್ಲ, ನಾನೂ ಹತ್ತುದಿಲ್ಲ" ಎಂದಿರಿ. ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಯದ ಗ್ಯಾರೇಜಿನಲ್ಲಿ ಕಲಂದರ್ ಬಿಚ್ಚಿ ತೋರಿಸಿದರು: ಇಂಜಿನ್ ಸರಿಯೇ ಉಂಟು, ಫ್ಯಾನನ್ನು ಹಿಡಿದು ತಿರುಗಿಸುವ ಕ್ಲಚ್ಚು ಸೋತು ಹೋಗಿ, ಬಿಸಿ ಏರಿದಾಗಲೇ ಫ್ಯಾನ್ ಹಿಡಿತ ತಪ್ಪಿ ನಿಧಾನವಾಗುತ್ತಿತ್ತು. ಈಗ ಕರೆಂಟಿನ ಕ್ಲಚ್ಚು ಹಾಕಿಸಿದ್ದೇನೆ. ನೀರು ಕಾದರೆ ಅದು ತಾನಾಗಿ ಫ್ಯಾನನ್ನು ಹಿಡಿಯುತ್ತದೆ, ತಣಿದರೆ ಬಿಟ್ಟುಬಿಡುತ್ತದೆ.

ಮೊನ್ನೆ ನಾನೇ ಓಡಿಸಿದೆ, ಕಲಂದರ್ ಪಕ್ಕದಲ್ಲಿ. ನಗಬೇಡಿ, ನನಗೆ ಜೀಪು ಕಲಿಸಿದವರು ನೀವೇ. ಇಲ್ಲೇ ಪೇಟೆಯಲ್ಲಿ ಅಂಗಡಿಯ ಕುಶಾಲಪ್ಪಣ್ಣ ಬಗ್ಗಿ ನೋಡಿ, "ಶೀಲಕ್ಕ, ಫ್ಯಾನ್ ತಿರುಗುದೇ ಇಲ್ಲ ಮಾರಾಯ್ರೆ" ಎಂದರು. ನನ್ನ ಕೈ ಕೇಳಬೇಕಲ್ಲ, ಘಟ್ಟದ ಬುಡದವರ ಅಭ್ಯಾಸ. ಒಂದು ಕೊಡ ನೀರು ತಂದು ರೇಡಿಯೇಟರಿನ ಮೇಲೆ ಸುರಿದೇಬಿಟ್ಟೆ. "ಸೆಕೆಯೇ ಆಗದ್ದನ್ನು ಯಾಕಕ್ಕ ಮೀಯಿಸುದು?" ಎಂದು ಕಲಂದರ್ ಹೊಟ್ಟೆ ಹಿಡಿದು ನಕ್ಕರು. ಸಂಪಾಜೆ ದಾಟಿ ಏರಿನಲ್ಲಿ, ನಾವು ಯಾವಾಗಲೂ ಬಾನೆಟ್ ಎತ್ತಿ ನಿಲ್ಲುತ್ತಿದ್ದ ತಿರುವಿನಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿತು. ಅಷ್ಟರಲ್ಲಿ ಫ್ಯಾನ್ ಭರ್ರೆಂದು ತಿರುಗತೊಡಗಿತು, ಮುಳ್ಳು ನಿಧಾನಕ್ಕೆ ಇಳಿಯಿತು. ಮಡಿಕೇರಿಯಲ್ಲಿ ಚಾ ಕುಡಿದು ವಾಪಸು ಬಂದೆವು.

ಡಾಕ್ಟರು ಬೇಡ ಎಂದದ್ದು ಗಾಡಿ ಓಡಿಸುವುದನ್ನು, ಗಾಡಿಯಲ್ಲಿ ಕೂರುವುದನ್ನಲ್ಲ. ಕೇಳಿಯೇ ಬರೆಯುತ್ತಿದ್ದೇನೆ. ನೀವು ಗೋಡೆ ನೋಡುತ್ತಾ ದಿನ ಕಳೆಯುವುದನ್ನು ನಾನು ಒಪ್ಪುವುದಿಲ್ಲ. ನನಗೆ ನೀವು ಬೇಕು, ಪಕ್ಕದ ಸೀಟಿನಲ್ಲಿ ಕೂತು "ಗೇರ್ ಬದಲಿಸು" ಎಂದು ಬೈಯುವುದಕ್ಕಾದರೂ.

ನಿಮ್ಮ ತಂಗಿಗೆ ನನ್ನ ನೆನಪು ಹೇಳಿ, ಅಲ್ಲಿಯ ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಾತು ಕೇಳದ,
ಶೀಲಾವತಿ

ತಾ.ಕ.: ಬರುವ ಶನಿವಾರ ಬೆಳಿಗ್ಗೆ ಗಾಡಿ ತೆಗೆದುಕೊಂಡು ಕೊಲ್ಲಮೊಗ್ರಿಗೆ ಬರುತ್ತೇನೆ, ಅಲ್ಲಿಂದ ಬಿಸಿಲೆ ಘಾಟಿ. ನೀವು ಹತ್ತದಿದ್ದರೆ ಆ ಸೀಟಿನಲ್ಲಿ ನಿಮ್ಮ ತಂಗಿ ಕೂರುತ್ತಾಳೆ. ಅವಳು ಸೀರೆ ಮಡಚಿಟ್ಟೂ ಆಗಿದೆ, ನಿಮಗೆ ಹೇಳಿಲ್ಲವೆ? ಗಂಜಿ ನೀವೇ ಬೇಯಿಸಿಕೊಳ್ಳಿ.