ನಲವತ್ತಮೂರು ಮನೆಗಳ ಒಂದೇ ಉತ್ತರ

ಕೊಂಢವಾ, ಪುಣೆ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಮಗಳು ರಕ್ಷಿತ ಮಾಡುವ ನಮಸ್ಕಾರಗಳು. ಮಂಡಿನೋವು ಈಗ ಹೇಗಿದೆ? ಅಪ್ಪ ಬೀಡಿ ಬಿಟ್ಟಿದ್ದಾನೆ ಎಂದು ನೀನು ಫೋನಿನಲ್ಲಿ ಹೇಳಿದೆ. ಹಿಂದೆಯೇ ಅವನ ಕೆಮ್ಮೂ ಕೇಳಿಸಿತು, ಹಾಗಾಗಿ ನಂಬಿಲ್ಲ. ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದುಕೊಳ್ಳಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಡುತ್ತೀ, ನಾನು ಇಲ್ಲಿ ಸೀನಿದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಇದನ್ನು ನೀನೇ ನಿಧಾನವಾಗಿ ಕೂಡಿಸಿಕೊಂಡು ಓದು, ಯಾರ ಕೈಲೂ ಓದಿಸಬೇಡ.

ನಾನು ಚೆನ್ನಾಗಿದ್ದೇನೆ. ಮನೆಯೊಡತಿ ಗೌರಾಬಾಯಿ ವಿಜಯಪುರದ ಕಡೆಯವರು, ಸೊಸೆಗಿಂತ ಹೆಚ್ಚು ನನ್ನನ್ನೇ ಗದರುತ್ತಾರೆ, ಶೇಂಗಾ ಚಟ್ನಿ ಹಾಕಿಸಿಕೊಳ್ಳದೆ ಊಟದಿಂದ ಏಳಲು ಬಿಡುವುದಿಲ್ಲ. ಆದರೆ ಹತ್ತು ದಿನದಿಂದ ಅದೂ ರುಚಿಸುತ್ತಿಲ್ಲ. ನನ್ನ ಕೆಲಸ ಏನೆಂದು ನಿನಗೆ ಗೊತ್ತೇ ಇದೆ. ನಮ್ಮ ರಾಷ್ಟ್ರೀಯ ಉದ್ಯಾನದ ಅಂಚಿನ ಊರುಗಳು ಯಾವ ನೆಲವನ್ನು ಯಾವುದಕ್ಕೆ ಬಳಸುತ್ತವೆ, ಕಾಡಿಗೂ ಜನಕ್ಕೂ ಎಲ್ಲಿ ತಿಕ್ಕಾಟ ಎಂದು ನಕ್ಷೆ ಮಾಡುವುದು. ಉಪಗ್ರಹದ ಚಿತ್ರದಲ್ಲಿ ನಮ್ಮ ಮನೆಯ ಹೆಂಚೂ ಕಾಣುತ್ತದೆ, ಹಿತ್ತಿಲ ಹಲಸಿನ ಮರವೂ ಕಾಣುತ್ತದೆ. ಆನೆ ಬಾರದಂತೆ ತೋಡಿದ ಕಂದಕ ದಾಟಿ ಕಾಡಿನೊಳಗೆ ಹೋಗುವ ನಿಮ್ಮ ಕಾಲುದಾರಿ ಮಾತ್ರ ಮರಗಳ ಕೆಳಗೆ ಮುಚ್ಚಿಹೋಗಿದೆ. ಅಂಥದ್ದನ್ನೆಲ್ಲ ಜನರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಸಂಕ್ರಾಂತಿ ಕಳೆದ ಮೇಲೆ ನಾನು ಫಾರಂ ಹಿಡಿದುಕೊಂಡು ಬಂದದ್ದು ಅದಕ್ಕೇ.

ಅಲ್ಲೇ ನಾನು ಕೆಟ್ಟೆ. ಕಾಡಂಚಿನಲ್ಲಿ ಒಬ್ಬಳೇ ತಿರುಗಬಾರದೆಂಬ ನಿಯಮವಿತ್ತು, ಹೊಸದಾಗಿ ಬಂದ ಫಾರೆಸ್ಟ್ ಗಾರ್ಡನ್ನು ಜೊತೆಗೆ ಕರೆತಂದೆ. ನಾನು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಿಂದಲೇ ಶುರು ಮಾಡಿದರೆ ಸಲೀಸು ಎಂದುಕೊಂಡು, ಕಾಡಿಗೆ ಹೋಗುತ್ತೀರಾ, ಏನೇನು ತರುತ್ತೀರಿ ಎಂದು ಬೇರೆಯವಳ ಹಾಗೆ ನಿನ್ನನ್ನು ಕೇಳಿದೆ. ನೀನು ಅಂಗಳದಲ್ಲಿ ಒಣಗುತ್ತಿದ್ದ ಸೀಗೆಕಾಯಿಯ ಮೇಲೆ ಗೋಣಿತಾಟು ಎಳೆದು, ಅದರ ಮೇಲೇ ಕುಳಿತು, "ಕಾಡ್ ಕಡೀಕೆ ನಾವು ತಲೆ ಹಾಕೂ ಮಲಗಕಿಲ್ಲ ಸಾ" ಎಂದೆ, ನನಗಲ್ಲ, ಗಾರ್ಡಿಗೆ. ನನಗೆ ನಗು ತಡೆಯಲಾಗದೆ ತಲೆ ಬಗ್ಗಿಸಿ 'ಇಲ್ಲ' ಎಂದು ಬರೆದುಕೊಂಡೆ. ಊರಿನ ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ, ಅಂದರೆ ನೀನೇ, ಹಾಗೆಂದ ಮೇಲೆ ಉಳಿದವರನ್ನು ಕೇಳಬೇಕೆ? ನಲವತ್ತಮೂರು ಮನೆಯವರೂ ಅದನ್ನೇ ಹೇಳಿದರು. ಪಕ್ಕದ ಮನೆಯ ಅವ್ವಣ್ಣನಂತೂ ಬಾಯಿತುಂಬ ಕಾಡುನೆಲ್ಲಿ ಜಗಿಯುತ್ತಲೇ, ಕಾಡು ಯಾವ ದಿಕ್ಕಿಗಿದೆ ಎಂದೇ ತನಗೆ ಗೊತ್ತಿಲ್ಲ ಎಂದ. ಗಾರ್ಡ್ ಹೋದ ಮೇಲೆ ನೀನು, "ಸರಿಯಾಗಿ ಹೇಳಿದೆನಾ?" ಎಂದು ನನ್ನನ್ನು ಕೇಳಿದೆ, ನಾನೂ ಹೂಂ ಎಂದೆ. ನಿನ್ನ ಮೇಲೆ ಸಿಟ್ಟಿಲ್ಲ ಅವ್ವಾ. ಒಂದು ಮೂಟೆ ಸೀಗೆಕಾಯಿಗಾಗಿ ಅರಣ್ಯದವರು ಅಪ್ಪನನ್ನು ಹಿಡಿದೊಯ್ದು ಎರಡು ದಿನ ಕೂರಿಸಿಕೊಂಡದ್ದನ್ನು ನಾನೂ ನೋಡಿದವಳೇ, ಆಗ ನನಗೆ ಒಂಬತ್ತು ವರ್ಷ.

ಈಗ ನೋಡು. ಸೀಗೆ, ಜೇನು, ಹೊಳೆಯ ದಾರಿ ಇವೆಲ್ಲ ತಲೆತಲಾಂತರದಿಂದ ನಮ್ಮ ಹಕ್ಕು ಎಂದು ಊರಿನವರೆಲ್ಲ ಸೇರಿ ಅರ್ಜಿ ಹಾಕಿದ್ದೀರಿ. ಆ ಅರ್ಜಿ ನೋಡುವ ಸಮಿತಿ ನಮ್ಮ ಅಧ್ಯಯನದ ವರದಿಯನ್ನು ಕೇಳಿದೆ. ಅದರಲ್ಲಿ ನಮ್ಮೂರಿನ ಹೆಸರಿನ ಮುಂದೆ ಕಾಡನ್ನು ನಂಬಿಕೊಂಡ ಮನೆಗಳು ಎಷ್ಟೆಂದು ಬರೆದಿದೆ ಗೊತ್ತಾ? ಸೊನ್ನೆ. ಬರೆದವಳು ನಾನು. ಈ ಸೊನ್ನೆ ಸಮಿತಿಯ ಮುಂದೆ ಹೋದರೆ ನಿಮ್ಮ ಅರ್ಜಿಯೇ ಸುಳ್ಳಾಗುತ್ತದೆ, ಕಾಲುದಾರಿಗೆ ಬೇಲಿ ಬೀಳುತ್ತದೆ. ನಾನೇ ಕುಳಿತು ತಿದ್ದಿದರೆ ಕಲಿತ ವಿದ್ಯೆಗೆ ದ್ರೋಹ. ನಮ್ಮವ್ವ ಹೋಗುತ್ತಾಳೆ, ನಾನು ಕಂಡಿದ್ದೇನೆ ಎಂದು ಬರೆದರೆ ಗಾರ್ಡ್ ಮೊದಲು ಬರುವುದು ನಮ್ಮ ಅಂಗಳಕ್ಕೆ. ಅತ್ತ ದರಿ, ಇತ್ತ ಪುಲಿ. ನಿಮಗಾದರೆ ಪುಲಿ ನಿಜವಾಗಿಯೇ ಇದೆ, ನನಗೆ ಗಾದೆಯದ್ದೇ ಸಾಕಾಗಿದೆ.

ದಿನವೂ ಆಫೀಸಿಗೆ ಹೋಗಿ ಆ ಪುಟ ತೆರೆಯುತ್ತೇನೆ, ಏನೂ ಮಾಡಲಾಗದೆ ಮುಚ್ಚುತ್ತೇನೆ. ತುಂಬ ಹೆದರಿಕೆಯಾಗುತ್ತದೆ. ಗೌರಾಬಾಯಿ ಬಿಡದೆ ಕೇಳಿದ್ದಕ್ಕೆ ಎಲ್ಲ ಹೇಳಿದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಲೇ, "ನಿಮ್ಮವ್ವ ಸುಳ್ಳು ಹೇಳಿದ್ದು ನಿನಗಲ್ಲ, ಆ ಖಾಕಿ ಅಂಗಿಗೆ. ಅದನ್ನ ಮನಿತನಕ ಕರಕೊಂಡು ಹೋದಾಕಿ ನೀನ ಅಲ್ಲೇನು?" ಎಂದರು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಮಾತು ಬದಲಿಸಿ ಚಹಾ ಮಾಡಿಕೊಟ್ಟರು.

ಅಪ್ಪನಿಗೆ ನಮಸ್ಕಾರ ತಿಳಿಸು, ಬೀಡಿ ವಿಷಯ ನನಗೆ ಗೊತ್ತೆಂದೂ ತಿಳಿಸು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನನ್ನ ಬಗ್ಗೆ ಯೋಚಿಸಬೇಡ ಎಂದು ಬರೆಯುವುದು ರೂಢಿ, ಈ ಸಲ ಸ್ವಲ್ಪ ಯೋಚಿಸು.

ನಿನ್ನ ಮಗಳು,
ರಕ್ಷಿತ

ತಾ.ಕ.: ಸೋಮವಾರ ಮಧ್ಯಾಹ್ನ, ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಅಧ್ಯಯನದ ಮುಖ್ಯಸ್ಥರಾದ ಸುಖೇಶ್ ಸರ್‌ಗೆ ನಾನು ಆ ಊರಿನ ಮಗಳೆಂದು ಇವತ್ತು ಹೇಳಿಬಿಟ್ಟೆ. ಮೊದಲೇ ಹೇಳದಿದ್ದಕ್ಕೆ ಬೈದರು, ನಮ್ಮೂರಿನ ಕೆಲಸದಿಂದ ನನ್ನನ್ನು ತೆಗೆದರು. ಆದರೆ ಇನ್ನೊಮ್ಮೆ ಕೇಳಿಸಲು ಒಪ್ಪಿದ್ದಾರೆ. ಮುಂದಿನ ಸೋಮವಾರ ಶೈಲಾ ಎಂಬ ಧಾರವಾಡದ ಹುಡುಗಿ ಒಬ್ಬಳೇ ಬರುತ್ತಾಳೆ, ಈ ಸಲಕ್ಕೆ ಆ ನಿಯಮ ಸಡಿಲಿಸಿದ್ದಾರೆ, ಗಾರ್ಡ್ ಇರುವುದಿಲ್ಲ. ಮೊದಲ ಮನೆ ನಿನ್ನದೇ, ನೀನು ಹೇಳಿದ್ದನ್ನೇ ಊರು ಹೇಳುತ್ತದೆ. ನಾನು ನಿಮಗೆ ಏನನ್ನೂ ಹೇಳಿಕೊಡಬಾರದೆಂದು ಸರ್ ಕಟ್ಟಪ್ಪಣೆ ಮಾಡಿದ್ದಾರೆ, ಈ ಕಾಗದವೇ ತಪ್ಪು. ಊರಿನವರು ಹೌದು ಎಂದರೆ ಕೇಸು ಬೀಳುವುದಿಲ್ಲ ಎಂದು ಮಾತು ಕೊಡಿ ಎಂದು ಸರ್ ಹತ್ತಿರ ಕೇಳಿದೆ, ಅವರು ಕೊಡಲಿಲ್ಲ. ನಾನೂ ಕೊಡಲಾರೆ. ಆದರೂ ಹೌದು ಅನ್ನು ಅವ್ವಾ.