ಸ್ಟೇಷನ್ನಿನ ಬೆಂಚಿನ ಮೇಲೆ ರಾಜಿ

೫ ಫೆಬ್ರುವರಿ ೧೯೬೧, ಬೆಳಿಗ್ಗೆ
ರೊಟ್ಟಿ ತಟ್ಟಿಟ್ಟು ಕುಳಿತೆ. ನಿನ್ನೆಯ ರಾಜಿಯೂ ಮುರಿಯಿತು. ಸರಕಾರ ತೋಡಿಸಿದ ಬಾವಿ. ಹರಿಜನ ಕೇರಿಯವರು ಕೊಡ ಇಳಿಸಿದರೆಂದು ನಮ್ಮವರು ಹಗ್ಗ ಕೊಯ್ದರು, ಕೇರಿಯ ಹೊಳೆಪ್ಪನ ಕೈ ಮುರಿದರು. ಪಂಚಾಯ್ತಿ ಚೇರ್ಮನ್ ಅಣ್ಣಪ್ಪ — ನನ್ನ ಸ್ವಂತ ಕಾಕಾ — ಚಾವಡಿಯಲ್ಲಿ ಗಾದಿಯ ಮೇಲೆ. ಕೇರಿಯವರು ಕೆಳಗೆ, ಬಿಸಿಲಲ್ಲಿ. ಹಾಗೆ ನಿಲ್ಲಿಸಿ "ನಮ್ಮವರು ಸೇದಿ ಮ್ಯಾಲಿಂದ ನಿಮ್ಮ ಕೊಡಕ್ಕ ಹಾಕ್ತಾರ, ಒಪ್ತೀರೇನು?" ಎಂದರೆ...
ನಾನೂ ಮೆಂಬರ್. ಕುಳಿತದ್ದು ಮಾತ್ರ ಬಾಗಿಲ ಹಿಂದೆ.

೮ ಫೆಬ್ರುವರಿ
ಕೇರಿಗೆ ಹೋದೆ. ಹೊಳೆಪ್ಪನ ತಾಯಿ ಕೆಂಪವ್ವ ಕೌದಿ ಹಾಸಿದಳು.
"ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೀಯೇನ, ಕೆಂಪವ್ವಾ?"
"ಕೊಡಾಕ ಬರತೈತ್ರಿ ಪಾರವ್ವಾರ. ಅವರು ಬಂದು ಹೋಗ್ತಾರ. ನಾವು ಇಲ್ಲೇ ಬಾಳೇ ಮಾಡಬೇಕಲ್ರಿ."
"ಹಂಗಾರ ಮಾತಾಡಾಕ ಎಲ್ಲಿ ಬರ್ತೀರಿ?"
"ಘಟಪ್ರಭಾ ಟೇಸನ್ಯಾಗ ಎಲ್ಲಾರಿಗೂ ಒಂದ ನಮೂನಿ ಬೆಂಚ ಅದಾವ್ರಿ. ಅಲ್ಲಿ ಬರ್ತೀವಿ. ನೀರು ತರೂ ಹೆಣ್ಮಕ್ಕಳು ಮೊದಲ ಮಾತಾಡಬೇಕ್ರಿ."
ಇಷ್ಟು ಸರಳ! ಕೇಳಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ.

೧೦ ಫೆಬ್ರುವರಿ
ಕಾಕಾನಿಗೆ ಸಿಟ್ಟು. "ಚೇರ್ಮನ್ ಟೇಸನ್ಯಾಗ ಪಂಚಾಯ್ತಿ ಮಾಡಬೇಕೇನ? ಮಂದಿ ನಗ್ತಾರ!"
"ಚಾವಡ್ಯಾಗ ಎರಡು ಸಲ ಮುರದೈತಿ, ಕಾಕಾ. ನಗಲಿ. ನೀವು ಬರದಿದ್ರ ನಾ ಒಬ್ಬಾಕಿನ ಹೋಗ್ತೀನಿ."
ನಾನೇ ಅಂದದ್ದು.

೧೯ ಫೆಬ್ರುವರಿ, ಭಾನುವಾರ ಸಂಜೆ
ಕಾಲು ಸೋತಿವೆ. ಮನಸ್ಸು ಹಾರಾಡುತ್ತಿದೆ.
ಕಾಕಾ ಬಂದರು. ಕೂಡಲಿಲ್ಲ — ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತರು. ಬೆಂಚಿನ ಮೇಲೆ ಕೆಂಪವ್ವ, ಪಕ್ಕದಲ್ಲಿ ನಾನು. ಹೊಡೆದಾಟದ ಮಾತು ಆಮೇಲೆ, ಮೊದಲು ನೀರು ಎಂದೆ.
ಕೆಂಪವ್ವ ನೇರ ಕಾಕಾನ ಕಡೆ ತಿರುಗಿದಳು. "ಹೊಳಿ ನೀರು ಕುಡದು ನನ್ನ ಮೊಮ್ಮಗಳು ಹಾಸಿಗಿ ಹಿಡದಾಳ್ರಿ. ನಮ್ಮ ಕೈಲೆ ನಾವ ಸೇದತೀವಿ. ನೀವು ಮ್ಯಾಲಿಂದ ಹಾಕೂದು ಬ್ಯಾಡ."
ಗಾಡಿ ಬಂತು, ಹೋಯಿತು. ಹೊಗೆ ಕರಗಿದಾಗ ನೋಡುತ್ತೇನೆ — ಕಾಕಾ ಬೆಂಚಿನ ತುದಿಯಲ್ಲಿ ಕುಳಿತಿದ್ದಾರೆ!
"ಸೇದ್ರಿ," ಎಂದರು. ಸ್ವಲ್ಪ ತಡೆದು, "ಕೈ ಮುರದವರು ಹೊಳೆಪ್ಪನ ಮನಿಗಿ ಬಂದು ತಪ್ಪಾತು ಅಂತಾರ. ನಾ ಕರಕೊಂಡು ಬರ್ತೀನಿ."
ಹೋಳಿಗೆ ಉಂಡಷ್ಟು ಖುಷಿ.

೨೦ ಫೆಬ್ರುವರಿ, ಬೆಳಿಗ್ಗೆ
ಬಾವಿಯಿಂದ ಈಗ ಬಂದೆ. ಸೆರಗು ಇನ್ನೂ ಒದ್ದೆ. ನಮ್ಮವರಲ್ಲಿ ಕೆಲವು ಹೆಂಗಸರು ಖಾಲಿ ಕೊಡ ಎತ್ತಿಕೊಂಡು ಹೋದರು. ಹೋಗಲಿ, ಬಂದಾರು. ಕೆಂಪವ್ವ ಸೇದಿದಳು. ಅವಳ ಕೊಡಕ್ಕೆ ಬೊಗಸೆಯೊಡ್ಡಿ ನಾನು ಕುಡಿದೆ, ಎಲ್ಲರೆದುರು. ಹಿಂದೆ ಯಾರೋ ಬಂದು ನಿಂತರು. ಕಾಕಾ! ರುಮಾಲು ತೆಗೆದು, ಬೊಗಸೆ ಹಿಡಿದು, "ನನಗೂ ಹಾಕವಾ" ಅಂದರು. ಕೆಂಪವ್ವ ಕೊಡ ಬಗ್ಗಿಸಿದಳು.