ಹೊಟ್ಟೆನೋವಿಗೆ ನಾವು ಕಟ್ಟಿದ ಕಥೆಗಳು

ಇವಳೇ,

ಎದುರಿಗೆ ಕೂತರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ನೀನು ಮನೆಗೆ ಹೋದ ಮೇಲೆ, ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ಬೇಕರಿಯ ಒಲೆ ಮುಂದೆ ಮೊದಲ ಸಲ ಹೊಟ್ಟೆ ಹಿಂಡಿದ ದಿನ, ವಾಂತಿ ಮಾಡಿಕೊಂಡು ತೂರಾಡುತ್ತಾ ಮನೆಗೆ ಬಂದೆ. ನೀನು ಹಣೆ ಮುಟ್ಟಲಿಲ್ಲ, ಬಾಯಿ ಮೂಸಿದೆ. ನಿಮ್ಮಪ್ಪ ಕುಡಿದು ಕುಡಿದೇ ಹೋದವರು. ನಿನಗೆ ಬೇರೆ ಯೋಚನೆ ಹೇಗೆ ಬಂದೀತು? ಆದರೂ ಒಂದು ಹನಿ ಮುಟ್ಟದ ನನಗೆ ಮೈ ಉರಿಯಿತು. ಆಮೇಲೆ ನೀನು ನನ್ನ ಚೀಲ ತಡಕಿದೆ, ಜೊತೆ ಕೆಲಸದವರನ್ನು ಗುಟ್ಟಾಗಿ ವಿಚಾರಿಸಿದೆ. ಬೀದಿ ಕೊನೆಯ ಡಾಕ್ಟರಂತೂ ನನ್ನ ಮುಖ ಸಹ ನೋಡದೆ ನಿನ್ನನ್ನೇ ಕೇಳಿದರು: "ದಿನಾ ಎಷ್ಟು ಹಾಕ್ತಾರಮ್ಮ?" ಸ್ಕ್ಯಾನ್ ಮಾಡಿಸುವ ಹೊತ್ತಿಗೆ ನೋವು ಮಾಯ, ಒಳಗೆ ಎಲ್ಲ ಸರಿ. ನಿನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನನ್ನ ಅನುಮಾನವೇನು ಕಡಿಮೆಯೇ? ಕುಡಿತ ಬಿಡಿಸುವ ಪುಡಿಯನ್ನು ಹೆಂಡತಿಯರು ಊಟದಲ್ಲಿ ಕಲಸುತ್ತಾರೆ ಅಂತ ಯಾರೋ ಅಂದದ್ದು ತಲೆ ಹೊಕ್ಕಿತು. ನೀನು ಬಡಿಸುವಾಗ ನಿನ್ನ ಕೈಯನ್ನೇ ನೋಡುತ್ತಿದ್ದೆ. ಉಂಡ ಮೇಲೆ ನೋವು ಬಂದರೆ, ಇದು ಆ ಪುಡಿಯದ್ದೇ ಕೆಲಸ ಅನ್ನಿಸುತ್ತಿತ್ತು.

ಕೊನೆಗೆ ನೆಲದ ಮೇಲೆ ಹೊರಳಾಡಿದಾಗ ದೊಡ್ಡಾಸ್ಪತ್ರೆಗೆ ಒಯ್ದವಳು ನೀನೇ. "ಕುಡಿದಿಲ್ಲ ಅಂತಾರೆ. ನೋವು ಇಳಿಯೋ ಮುಂಚೆ ಒಳಗೇನಿದೆ ನೋಡಿಬಿಡಿ," ಎಂದು ಹಟ ಹಿಡಿದೆ. ನನ್ನ ಸುಳ್ಳು ಹಿಡಿಯಲೋ, ಜೀವ ಉಳಿಸಲೋ, ನನಗಿನ್ನೂ ಗೊತ್ತಿಲ್ಲ. ಅಂತೂ ಕಾರಣ ಸಿಕ್ಕಿತು. ಅಂಗಿಯ ತೋಳು ಒಳಕ್ಕೆ ಮಡಚಿಕೊಳ್ಳುವಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ನುಗ್ಗಿ ಸಿಕ್ಕಿಕೊಂಡಿತ್ತು. "ಮಕ್ಕಳಲ್ಲಿ ನೋಡ್ತೀವಿ, ದೊಡ್ಡವರಲ್ಲಿ ಅಪರೂಪ. ತಾನಾಗೇ ಬಿಡಿಸಿಕೊಂಡಾಗ ಏನೂ ಕಾಣಲ್ಲ," ಎಂದರು ಆಪರೇಷನ್ ಮಾಡುವ ಡಾಕ್ಟರು. ದೊಡ್ಡವರಲ್ಲಾದರೆ ಹೆಚ್ಚಾಗಿ ಒಳಗೊಂದು ಗಡ್ಡೆಯೇ ಕರುಳನ್ನು ಎಳೆದುಕೊಂಡು ಹೋಗುತ್ತದಂತೆ. ಆ ತುಂಡು ತೆಗೆದು, ಉಳಿದ ಕರುಳನ್ನು ಜೋಡಿಸಿ ಹೊಲಿದು, ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದರು.

ಇವತ್ತು ನೀನು ಬಂದು, "ಬರೀ ಕೊಬ್ಬಿನ ಗಡ್ಡೆಯಂತೆ ರೀ, ಕೆಟ್ಟದ್ದೇನಲ್ಲ," ಅಂದೆ. ಕಣ್ಣು ಕೆಂಪಗಿತ್ತು. ಏನೋ ಮುಚ್ಚಿಡುತ್ತಿದ್ದೀಯ ಅನ್ನಿಸಿ, ನಿನ್ನೆದುರೇ ಡಾಕ್ಟರನ್ನು ಕರೆಸಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಅವರು ಆಚೆ ಹೋದ ಮೇಲೆ ನೀನು ಮೆಲ್ಲಗೆ ಅಂದೆ: "ನಾನೂ ನಂಬಲಿಲ್ಲ. ನರ್ಸನ್ನೂ ಕೇಳ್ಕೊಂಡೇ ಬಂದೆ." ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕೆ. ನೀನೂ ನಕ್ಕು, ಆಮೇಲೆ ಕಣ್ಣೊರೆಸಿಕೊಂಡೆ.

ಆಗಲೇ ಪುಡಿಯ ಮಾತು ತೆಗೆಯಬೇಕಿತ್ತು, ಆಗಲಿಲ್ಲ. ನಾಳೆ ಈ ಕಾಗದ ನಿನ್ನ ಕೈಗಿಟ್ಟು ಕೇಳಿಬಿಡುತ್ತೇನೆ. ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ. ಈ ಸಲ ಮಾತ್ರ ನಿನ್ನ ಮಾತು ನಿಜವೋ ಅಂತ ಇನ್ನೊಬ್ಬರನ್ನು ಕೇಳಿ ನೋಡುವುದಿಲ್ಲ.

ಚಿಲಕ ಹಾಕಿಕೊಂಡು ಮಲಗು. ನಿನಗೆ ಒಳ್ಳೆಯ ನಿದ್ದೆ ಬರಲಿ, ನಿನ್ನ ಜೀವ ತಣ್ಣಗಿರಲಿ.

ನಿನ್ನ
ಮನೆಯವನು